ಡಿಪೆಂಡೆನ್ಸಿ ಮತ್ತು ಪರವಾನಗಿ ತಪಾಸಣೆ: ಯಾವುದು ತಡೆಯಬೇಕು, ಯಾವುದು ತಿಳಿಸಿದರೆ ಸಾಕು

ಪ್ರಶ್ನೆ: ನಾವು ಕಲಬುರಗಿಯ ನಾಲ್ಕು ಜನರ ತಂಡ. ಬೇಳೆ ಮಿಲ್ಲುಗಳಿಗೆ ತೊಗರಿ ಆವಕ, ತೂಕದ ಚೀಟಿ, ದಾಸ್ತಾನು ಮತ್ತು ಬಿಲ್ಲುಗಳನ್ನು ನೋಡಿಕೊಳ್ಳುವ ತಂತ್ರಾಂಶ ಬರೆಯುತ್ತಿದ್ದೇವೆ. ಸರ್ವರ್ ಭಾಗ ಪೈಥಾನ್ ಮತ್ತು ಜಾಂಗೊ, ಪರದೆಯ ಭಾಗ ರಿಯಾಕ್ಟ್, ಜೊತೆಗೊಂದು ಆಂಡ್ರಾಯ್ಡ್ ಆ್ಯಪ್ ಇದೆ. ಕೆಲವು ಮಿಲ್ಲುಗಳು ಇದನ್ನು ಇಂಟರ್ನೆಟ್ ಮೂಲಕ ಬಳಸುತ್ತವೆ, ಕೆಲವಕ್ಕೆ ಅವರ ಕಚೇರಿಯ ಕಂಪ್ಯೂಟರಿನಲ್ಲೇ ಹಾಕಿಕೊಟ್ಟಿದ್ದೇವೆ. ಕೋಡ್ ಗಿಟ್‌ಹಬ್‌ನ ಖಾಸಗಿ ರೆಪೊಸಿಟರಿಯಲ್ಲಿದೆ. ಲೈಬ್ರರಿಗಳ ಹೊಸ ಆವೃತ್ತಿಗಳನ್ನು ತಾನಾಗಿ ಸೂಚಿಸುವ ಡಿಪೆಂಡಬಾಟ್ ಹಚ್ಚಿದ ಮೊದಲ ವಾರವೇ ಪುಲ್ ರಿಕ್ವೆಸ್ಟುಗಳ (ಕೋಡ್ ಬದಲಾವಣೆಯ ಪ್ರಸ್ತಾವಗಳ) ರಾಶಿ ಬಿದ್ದಿತು, ಬಿಲ್ಡುಗಳು (ಕೋಡನ್ನು ಜೋಡಿಸಿ ಪರೀಕ್ಷಿಸುವ ಓಟಗಳು) ಕೆಂಪಾದವು, ಕೊನೆಗೆ ಅದನ್ನು ಆರಿಸಿಬಿಟ್ಟೆವು. ಈಗ ದೊಡ್ಡ ಗ್ರಾಹಕರೊಬ್ಬರು ತಂತ್ರಾಂಶದ ಘಟಕಗಳ ಪಟ್ಟಿ, ಅಂದರೆ ಎಸ್‌ಬಿಒಎಂ, ಮತ್ತು ಪರವಾನಗಿಗಳ ವಿವರ ಕೇಳಿದ್ದಾರೆ. ಇದನ್ನೆಲ್ಲ ಸ್ವಯಂಚಾಲಿತವಾಗಿ ಮಾಡಿಕೊಳ್ಳುವ ಸರಿಯಾದ ಕ್ರಮ ಯಾವುದು?

ಉತ್ತರ: ನಿಮ್ಮ ಮೊದಲ ಪ್ರಯತ್ನ ನಿಂತುಹೋದದ್ದಕ್ಕೆ ಸಾಧನದ ಆಯ್ಕೆ ಕಾರಣವಲ್ಲ. ಪ್ರಶ್ನೆಯಲ್ಲಿ ನೀವು ಒಂದೇ ಉಸಿರಿನಲ್ಲಿ ಹೇಳಿರುವುದು ವಾಸ್ತವವಾಗಿ ಮೂರು ಬೇರೆ ಬೇರೆ ಕೆಲಸಗಳು: ನೀವು ಬಳಸುವ ಲೈಬ್ರರಿಗಳಲ್ಲಿ, ಅಂದರೆ ಬೇರೆಯವರು ಬರೆದ ಸಿದ್ಧ ಕೋಡಿನ ಘಟಕಗಳಲ್ಲಿ (ಡಿಪೆಂಡೆನ್ಸಿಗಳಲ್ಲಿ), ಈಗಾಗಲೇ ಬಹಿರಂಗವಾಗಿರುವ ಭದ್ರತಾ ದೋಷಗಳನ್ನು ಪತ್ತೆ ಮಾಡುವುದು, ಆವೃತ್ತಿಗಳು ತೀರ ಹಳತಾಗದಂತೆ ನೋಡಿಕೊಳ್ಳುವುದು, ಮತ್ತು ಪರವಾನಗಿಯ ಷರತ್ತುಗಳು ನಿಮ್ಮ ವ್ಯಾಪಾರಕ್ಕೆ ಹೊಂದುತ್ತವೆಯೇ ಎಂದು ಖಚಿತಪಡಿಸಿಕೊಳ್ಳುವುದು. ಮೊದಲನೆಯದಕ್ಕೆ ಕೆಲವೊಮ್ಮೆ ಅದೇ ದಿನ ಕೈ ಹಾಕಬೇಕಾಗುತ್ತದೆ, ಎರಡನೆಯದು ತಿಂಗಳಿಗೊಮ್ಮೆ ಆದರೂ ನಡೆಯುತ್ತದೆ, ಮೂರನೆಯದು ಹೊಸ ಲೈಬ್ರರಿ ಒಳಬರುವ ಕ್ಷಣದಲ್ಲಿ ಅಥವಾ ಇರುವ ಲೈಬ್ರರಿಯ ಷರತ್ತು ಬದಲಾದ ಕ್ಷಣದಲ್ಲಿ ಮಾತ್ರ ಮುಖ್ಯವಾಗುತ್ತದೆ. ಮೂರನ್ನೂ ಒಂದೇ ಬಾಗಿಲಲ್ಲಿ ನಿಲ್ಲಿಸಿ, ಯಾವುದು ಕೆಂಪಾದರೂ ಬಿಲ್ಡ್ ನಿಲ್ಲಲಿ ಎಂದರೆ, ಜರಡಿಯ ಕಣ್ಣು ತೀರ ಸಣ್ಣದಾದಾಗ ಕಲ್ಲಿನೊಂದಿಗೆ ಬೇಳೆಯೂ ಮೇಲೆಯೇ ನಿಲ್ಲುವ ಹಾಗೆ, ಕೆಲಸವೆಲ್ಲ ನಿಲ್ಲುತ್ತದೆ. ಆದ್ದರಿಂದ ಯಾವ ತಪಾಸಣೆ ಬಿಲ್ಡನ್ನು ತಡೆಯಬೇಕು, ಯಾವುದು ತಿಳಿಸಿ ಸುಮ್ಮನಾಗಬೇಕು ಎಂಬುದನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ನಾಲ್ಕು ಜನ ಕುಳಿತು ಇದನ್ನು ತೀರ್ಮಾನಿಸಿದ ಮೇಲೆ ಕಾನ್ಫಿಗರೇಶನ್ ಬರೆಯುವುದು ಒಂದು ಮಧ್ಯಾಹ್ನದ ಕೆಲಸ.

ಅದಕ್ಕೂ ಮುಂಚೆ ಲಾಕ್ ಕಡತಗಳು, ಅಂದರೆ ಪ್ರತಿ ಲೈಬ್ರರಿಯ ನಿಖರ ಆವೃತ್ತಿಯನ್ನು ಬರೆದಿಡುವ ಕಡತಗಳು, ಸರಿಯಾಗಿವೆಯೇ ನೋಡಿ. ಜಾಂಗೊದ ಆವೃತ್ತಿ ಇಷ್ಟಕ್ಕಿಂತ ಹೆಚ್ಚಿರಲಿ ಎಂದಷ್ಟೇ ಬರೆದಿರುವ ರಿಕ್ವೈರ್‌ಮೆಂಟ್ಸ್ ಕಡತವಿದ್ದರೆ, ಇವತ್ತು ತಪಾಸಣೆ ನೋಡಿದ ಆವೃತ್ತಿ ಒಂದು, ನಾಳೆ ಮಿಲ್ಲಿನ ಕಂಪ್ಯೂಟರಿಗೆ ಹೋಗುವ ಆವೃತ್ತಿ ಇನ್ನೊಂದು ಆಗಬಹುದು. ಆಗ ಎಂಥ ಒಳ್ಳೆಯ ಸಾಧನ ಹಚ್ಚಿದರೂ ಅದರ ವರದಿಗೆ ಅರ್ಥವಿರುವುದಿಲ್ಲ. ಪೈಥಾನ್ ಭಾಗಕ್ಕೆ ಪಿಪ್-ಟೂಲ್ಸ್, ಪೊಯೆಟ್ರಿ ಅಥವಾ ಯುವಿ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಬಳಸಿ, ಪ್ರತಿ ಪ್ಯಾಕೇಜಿನ ಹ್ಯಾಶ್ (ಕಡತ ಬದಲಾಗಿಲ್ಲವೆಂದು ತೋರಿಸುವ ಬೆರಳಚ್ಚು) ಸಹಿತ ನಿಖರ ಆವೃತ್ತಿಗಳನ್ನು ಬರೆದಿಡಿ. ರಿಯಾಕ್ಟ್ ಭಾಗದಲ್ಲಿ ಪ್ಯಾಕೇಜ್-ಲಾಕ್ ಕಡತವನ್ನು ಗಿಟ್‌ಗೆ ಸೇರಿಸಿ, ಸರ್ವರಿನಲ್ಲಿ ಬಿಲ್ಡ್ ಮಾಡುವಾಗ, ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ತರುವ ಎನ್‌ಪಿಎಂ ಸಾಧನದಲ್ಲಿ, ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ ಆಜ್ಞೆಯನ್ನು ಬಳಸಿ. ಅದು ಲಾಕ್ ಕಡತದಲ್ಲಿ ಇರುವುದನ್ನು ಮಾತ್ರ ತರುತ್ತದೆ, ಹೊಂದಾಣಿಕೆ ತಪ್ಪಿದ್ದರೆ ನಿಂತುಬಿಡುತ್ತದೆ. ಆಂಡ್ರಾಯ್ಡಿನ ಬಿಲ್ಡ್ ಸಾಧನವಾದ ಗ್ರೇಡಲ್‌ನಲ್ಲಿ ಲಾಕಿಂಗ್ ತಾನಾಗಿ ಚಾಲೂ ಇರುವುದಿಲ್ಲ, ನೀವೇ ಚಾಲೂ ಮಾಡಬೇಕು.

ಇನ್ನು ಭದ್ರತಾ ದೋಷಗಳ ವಿಷಯ. 2021ರ ಡಿಸೆಂಬರಿನಲ್ಲಿ ಹೊರಬಿದ್ದ ಲಾಗ್4ಶೆಲ್ ದೋಷಕ್ಕೆ ತೀವ್ರತೆಯ ಮಾಪಕದಲ್ಲಿ ಹತ್ತಕ್ಕೆ ಹತ್ತು ಅಂಕ ಸಿಕ್ಕಿತ್ತು. ಆಗ ಬಹಳಷ್ಟು ತಂಡಗಳಿಗೆ ಸರಿಪಡಿಸುವುದಕ್ಕಿಂತ ಕಷ್ಟವಾದದ್ದು, ಆ ದೋಷವಿದ್ದ ಲಾಗ್4ಜೆ ಎಂಬ ಜಾವಾ ಲೈಬ್ರರಿ ತಮ್ಮಲ್ಲಿ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕುವುದು, ಏಕೆಂದರೆ ಅದನ್ನು ಅವರು ನೇರವಾಗಿ ಸೇರಿಸಿರಲಿಲ್ಲ. ಅವರು ಸೇರಿಸಿದ್ದ ಯಾವುದೋ ಲೈಬ್ರರಿ ಅದನ್ನು ಎಳೆದು ತಂದಿತ್ತು. ಪರಿಹಾರದ ಆವೃತ್ತಿಗಳೂ ಒಂದೇ ಸಲಕ್ಕೆ ಮುಗಿಯದೆ ಅದೇ ತಿಂಗಳಲ್ಲಿ 2.15, 2.16, 2.17 ಎಂದು ಒಂದರ ಹಿಂದೆ ಒಂದು ಬಂದವು. ನಮ್ಮ ಭಾಗದಲ್ಲಿ ಡಿಸೆಂಬರ್ ಎಂದರೆ ತೊಗರಿ ರಾಶಿಯ ಕಾಲ, ಮಾರುಕಟ್ಟೆಗೆ ಆವಕ ಏರುವ ಹೊತ್ತು, ಮಿಲ್ಲಿನವರು ತಂತ್ರಾಂಶವನ್ನು ಮುಟ್ಟಬೇಡಿ ಎಂದು ಹೇಳುವ ಹೊತ್ತು. ಭದ್ರತಾ ದೋಷ ಸುಗ್ಗಿ ನೋಡಿ ಬರುವುದಿಲ್ಲವಾದ್ದರಿಂದ, ಭದ್ರತೆಯ ತುರ್ತು ಹಾದಿ ಮತ್ತು ಸಾಮಾನ್ಯ ಅಪ್‌ಡೇಟಿನ ಹಾದಿ ಮೊದಲಿನಿಂದಲೇ ಬೇರೆ ಬೇರೆ ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ.

ತಡೆಯುವ ತಪಾಸಣೆಗೆ ನನ್ನ ಶಿಫಾರಸು ಒಎಸ್‌ವಿ-ಸ್ಕ್ಯಾನರ್. ಇದು ಮೂರೂ ಭಾಗಗಳ ಲಾಕ್ ಕಡತಗಳನ್ನು ಓದಬಲ್ಲದು. ಹಲವು ಮೂಲಗಳ ಎಚ್ಚರಿಕೆಗಳು ಒಂದೆಡೆ ಸೇರುವ ಒಎಸ್‌ವಿ ದತ್ತಸಂಚಯದೊಂದಿಗೆ ಅವುಗಳನ್ನು ಹೋಲಿಸುತ್ತದೆ, ಮತ್ತು ಪುಲ್ ರಿಕ್ವೆಸ್ಟಿಗೆಂದೇ ಇರುವ ಅದರ ವರ್ಕ್‌ಫ್ಲೋ ಆ ಪುಲ್ ರಿಕ್ವೆಸ್ಟಿನಿಂದ ಹೊಸದಾಗಿ ಒಳಬರುವ ದೋಷಗಳನ್ನು ಮಾತ್ರ ಎತ್ತಿ ತೋರಿಸುತ್ತದೆ. ಹೊಸದನ್ನು ಮಾತ್ರ ಎಂಬ ಈ ಗುಣವೇ ನಿಮಗೆ ಅತ್ಯಂತ ಮುಖ್ಯ. ಹಳೆಯ ದೋಷಗಳ ಬಾಕಿಗಾಗಿ ಇಂದಿನ ಸಣ್ಣ ತಿದ್ದುಪಡಿಯನ್ನು ತಡೆದರೆ, ಬಾಕಿಯೂ ತೀರುವುದಿಲ್ಲ, ತಿದ್ದುಪಡಿಯೂ ಹೋಗುವುದಿಲ್ಲ, ಒಂದು ವಾರದಲ್ಲಿ ಯಾರೋ ಒಬ್ಬರು ತಪಾಸಣೆಯನ್ನೇ ತೆಗೆದುಹಾಕುತ್ತಾರೆ. ಗಿಟ್‌ಹಬ್‌ನದೇ ಆದ ಡಿಪೆಂಡೆನ್ಸಿ ರಿವ್ಯೂ ಕೂಡ ಇದೇ ರೀತಿ ಕೆಲಸ ಮಾಡುತ್ತದೆಯಾದರೂ ಖಾಸಗಿ ರೆಪೊಸಿಟರಿಗೆ ಅದು ಪ್ರತ್ಯೇಕ ಶುಲ್ಕದ ಸೌಲಭ್ಯ. ಅಂದಹಾಗೆ, ತಪಾಸಣೆ ಪಾಸಾಗದೆ ಮರ್ಜ್ ಮಾಡಬಾರದೆಂದು (ಮುಖ್ಯ ಕೋಡಿಗೆ ಸೇರಿಸಬಾರದೆಂದು) ಕಡ್ಡಾಯ ಮಾಡುವ ಬ್ರ್ಯಾಂಚ್ ರಕ್ಷಣೆಯೂ ಉಚಿತ ಯೋಜನೆಯ ಖಾಸಗಿ ರೆಪೊಸಿಟರಿಯಲ್ಲಿ ಸಿಗುವುದಿಲ್ಲ. ನಿಮ್ಮದು ಯಾವ ಯೋಜನೆ ಎಂದು ಮೊದಲು ನೋಡಿಕೊಳ್ಳಿ, ಉಚಿತವಾಗಿದ್ದರೆ ಕೆಂಪು ಗುರುತನ್ನು ನಿಮ್ಮ ಶಿಸ್ತೇ ಗೌರವಿಸಬೇಕಾಗುತ್ತದೆ.

ಇರುವ ದಾಸ್ತಾನಿನ ತಪಾಸಣೆ ರಾತ್ರಿ ಒಮ್ಮೆ ತಾನಾಗಿ ನಡೆಯಲಿ. ಕೋಡಿನಲ್ಲಿ ಒಂದಕ್ಷರ ಬದಲಾಗದಿದ್ದರೂ ಹೊಸ ದೋಷಗಳು ಪ್ರಕಟವಾಗುತ್ತಿರುವುದರಿಂದ ಇದು ಬೇಕೇಬೇಕು, ಆದರೆ ಅದು ಯಾರ ಬಿಲ್ಡನ್ನೂ ನಿಲ್ಲಿಸದೆ ಗಿಟ್‌ಹಬ್‌ನಲ್ಲಿ ಒಂದು ಇಶ್ಯೂ (ಮಾಡಬೇಕಾದ ಕೆಲಸದ ಟಿಪ್ಪಣಿ) ತೆರೆದರೆ ಸಾಕು. ಆ ವಾರ ಅದನ್ನು ನೋಡುವವರು ಯಾರು ಎಂದು ಹೆಸರು ಹಚ್ಚಿಡಿ; ಎಲ್ಲರೂ ನೋಡಲಿ ಎಂದರೆ ಯಾರೂ ನೋಡುವುದಿಲ್ಲ. ಯಾವುದನ್ನು ಮೊದಲು ತೆಗೆದುಕೊಳ್ಳಬೇಕೆಂಬ ಪ್ರಶ್ನೆಗೆ ತೀವ್ರತೆಯ ಅಂಕವೊಂದನ್ನೇ ನಂಬಬೇಡಿ. ಬಿಲ್ಡ್ ಸಮಯದಲ್ಲಿ ಮಾತ್ರ ಓಡುವ ಸಾಧನವೊಂದರಲ್ಲಿ ಏಳೂವರೆ ಅಂಕದ ದೋಷವಿದ್ದರೂ, ಹೊರಗಿನವರು ಕೊಟ್ಟ ಪಠ್ಯ ಅದರ ಹತ್ತಿರವೇ ಸುಳಿಯದಿದ್ದರೆ ಅದು ಕಾಯಬಹುದು. ಎನ್‌ಪಿಎಂ ಆಡಿಟ್ ಎಬ್ಬಿಸುವ ಗದ್ದಲದಲ್ಲಿ ದೊಡ್ಡ ಪಾಲು ಇಂಥದ್ದೇ, ಡೆವ್ ಡಿಪೆಂಡೆನ್ಸಿಗಳನ್ನು (ತಂತ್ರಾಂಶ ಬರೆಯುವಾಗ ಮಾತ್ರ ಬೇಕಾಗುವವನ್ನು) ಬಿಟ್ಟು ನೋಡುವ ಆಯ್ಕೆ ಕೊಟ್ಟರೆ ಪಟ್ಟಿ ಎಷ್ಟು ಕಿರಿದಾಗುತ್ತದೆ ಎಂದು ನೀವೇ ಕಾಣುವಿರಿ. ಇದಕ್ಕೆ ವಿರುದ್ಧವಾಗಿ, ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2021ರಿಂದ ಪ್ರಕಟಿಸುತ್ತಿರುವ ಕೆಇವಿ ಪಟ್ಟಿಯಲ್ಲಿ, ಅಂದರೆ ದಾಳಿಕೋರರು ಈಗಾಗಲೇ ಬಳಸುತ್ತಿರುವ ದೋಷಗಳ ಪಟ್ಟಿಯಲ್ಲಿ, ನಿಮ್ಮ ಲೈಬ್ರರಿಯ ದೋಷ ಕಂಡರೆ ಅಂಕ ಎಷ್ಟೇ ಇರಲಿ, ಅಂದೇ ಕೈ ಹಾಕಿ.

ಕೆಲವು ದೋಷಗಳನ್ನು ಸದ್ಯಕ್ಕೆ ಬದಿಗಿಡಲೇಬೇಕಾಗುತ್ತದೆ, ಪರಿಹಾರದ ಆವೃತ್ತಿಯೇ ಬಂದಿರುವುದಿಲ್ಲ. ಒಎಸ್‌ವಿ-ಸ್ಕ್ಯಾನರಿನ ಕಾನ್ಫಿಗರೇಶನ್ ಕಡತದಲ್ಲಿ ಅಂಥ ಪ್ರತಿ ವಿನಾಯಿತಿಗೆ ದೋಷದ ಗುರುತು, ಕಾರಣ, ಮತ್ತು ಯಾವ ದಿನಾಂಕದವರೆಗೆ ಎಂಬ ಮೂರು ಅಂಶಗಳನ್ನು ಬರೆಯಲು ಅವಕಾಶವಿದೆ. ದಿನಾಂಕವಿಲ್ಲದ ವಿನಾಯಿತಿಯನ್ನು ನಿಮ್ಮ ತಂಡ ಒಪ್ಪಬಾರದು. ಕಾರಣದ ಜಾಗದಲ್ಲಿ ‘ಆಮೇಲೆ ನೋಡೋಣ’ ಎಂದು ಬರೆದಿದ್ದರೆ ಅದನ್ನೂ ಒಪ್ಪಬಾರದು.

ಆವೃತ್ತಿಗಳ ನವೀಕರಣಕ್ಕೆ ಡಿಪೆಂಡಬಾಟ್ ಸಾಕು, ಅದನ್ನು ಮತ್ತೆ ಚಾಲೂ ಮಾಡಿ. ನಿಮ್ಮಲ್ಲಿ ರಾಶಿ ಬಿದ್ದದ್ದಕ್ಕೆ ಕಾರಣ ಹೀಗಿರಬೇಕು: ಏಕಕಾಲಕ್ಕೆ ತೆರೆದಿರಬಹುದಾದ ಪುಲ್ ರಿಕ್ವೆಸ್ಟುಗಳ ಪೂರ್ವನಿಗದಿತ ಮಿತಿ 5, ಆದರೆ ಅದು ಇಡೀ ರೆಪೊಸಿಟರಿಗಲ್ಲ, ಕಾನ್ಫಿಗರೇಶನ್ನಿನ ಪ್ರತಿ ನಮೂದಿಗೆ. ಪೈಥಾನ್, ಎನ್‌ಪಿಎಂ, ಗ್ರೇಡಲ್ ಎಂದು ಮೂರು ನಮೂದುಗಳಿದ್ದರೆ ಮೊದಲ ದಿನವೇ ಹದಿನೈದರವರೆಗೆ ಬರಬಹುದು, ಒಂದನ್ನು ಮುಚ್ಚಿದರೆ ಮತ್ತೊಂದು ಆ ಜಾಗಕ್ಕೆ ಬರುತ್ತದೆ. ಗ್ರೂಪ್ಸ್ ಸೌಲಭ್ಯ ಬಳಸಿ, ಮೈನರ್ ಮತ್ತು ಪ್ಯಾಚ್ (ಸಣ್ಣ ಬದಲಾವಣೆ ಮತ್ತು ತಿದ್ದುಪಡಿಯ) ಅಪ್‌ಡೇಟುಗಳನ್ನೆಲ್ಲ ಪ್ರತಿ ಭಾಗಕ್ಕೆ ಒಂದೇ ಪುಲ್ ರಿಕ್ವೆಸ್ಟಿನಲ್ಲಿ ತರುವಂತೆ ಹೇಳಿ. ನಿಮ್ಮ ಕೋಡನ್ನು ಮುರಿಯಬಹುದಾದ ಮೇಜರ್ ಆವೃತ್ತಿಗಳು ಬಿಡಿಬಿಡಿಯಾಗಿಯೇ ಬರಲಿ, ಅವುಗಳನ್ನು ಓದಿಯೇ ಒಪ್ಪಬೇಕು. ವೇಳಾಪಟ್ಟಿಯಲ್ಲಿ ಸಮಯವಲಯವನ್ನು ಏಷ್ಯಾ/ಕೋಲ್ಕತಾ ಎಂದು ಕೊಡದಿದ್ದರೆ ಅದು ಯುಟಿಸಿ ಲೆಕ್ಕದಲ್ಲಿ ನಡೆಯುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ವಾರಕ್ಕೊಮ್ಮೆ, ಸುಗ್ಗಿಯ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಎಂದು ಕೈಯಿಂದಲೇ ಬದಲಿಸಿಕೊಂಡರೆ ನಿಮ್ಮ ಗ್ರಾಹಕರ ಲಯಕ್ಕೆ ಹೊಂದುತ್ತದೆ. ಭದ್ರತಾ ಅಪ್‌ಡೇಟುಗಳು ರೆಪೊಸಿಟರಿಯ ಸೆಟ್ಟಿಂಗ್‌ನಲ್ಲಿ ಬೇರೆಯಾಗಿಯೇ ಚಾಲೂ ಆಗುತ್ತವೆ, ಈ ವೇಳಾಪಟ್ಟಿಗೆ ಕಾಯುವುದಿಲ್ಲ.

ಬಿಲ್ಡುಗಳು ಕೆಂಪಾದದ್ದಕ್ಕೂ ಬಹುಮಟ್ಟಿಗೆ ಒಂದು ಸರಳ ಕಾರಣವಿದ್ದೀತು. ಡಿಪೆಂಡಬಾಟ್ ತೆರೆದ ಪುಲ್ ರಿಕ್ವೆಸ್ಟಿನಲ್ಲಿ ಓಡುವ ಆಕ್ಷನ್‌ಗಳಿಗೆ (ಗಿಟ್‌ಹಬ್‌ನ ಸ್ವಯಂಚಾಲಿತ ಕೆಲಸಗಳಿಗೆ) ನಿಮ್ಮ ಸಾಮಾನ್ಯ ಸೀಕ್ರೆಟ್‌ಗಳು (ಗುಪ್ತವಾಗಿಟ್ಟ ಪಾಸ್‌ವರ್ಡ್, ಕೀಲಿಗಳು) ಕಾಣುವುದಿಲ್ಲ, ಅವು ರೆಪೊಸಿಟರಿ ಪ್ರವೇಶಿಸಲು ಬಳಸುವ ಟೋಕನ್ನಿಗೂ ಓದುವ ಅಧಿಕಾರ ಮಾತ್ರ ಇರುತ್ತದೆ. ಟೆಸ್ಟ್ ಡೇಟಾಬೇಸಿನ ಪಾಸ್‌ವರ್ಡನ್ನು ನೀವು ಸೀಕ್ರೆಟ್‌ನಿಂದ ತರುತ್ತಿದ್ದರೆ ಅಲ್ಲಿ ಅದು ಖಾಲಿಯಾಗಿ ಬಂದು ಎಲ್ಲ ಪರೀಕ್ಷೆಗಳೂ ಬೀಳುತ್ತವೆ. ಇದು ಬೇಕೆಂದೇ ಇಟ್ಟಿರುವ ರಕ್ಷಣೆ, ಅದನ್ನು ಸುತ್ತಿ ಹೋಗುವ ದಾರಿ ಹುಡುಕಬೇಡಿ. ಟೆಸ್ಟುಗಳಿಗೆ ರಹಸ್ಯವಲ್ಲದ ಪಾಸ್‌ವರ್ಡ್ ಕೊಡಿ, ಅನಿವಾರ್ಯವಾದುದನ್ನು ಮಾತ್ರ ಡಿಪೆಂಡಬಾಟ್‌ಗೆ ಮೀಸಲಾದ ಸೀಕ್ರೆಟ್‌ಗಳಲ್ಲಿ ಇಡಿ.

ಹೊಸ ಆವೃತ್ತಿ ಬಂದ ಗಳಿಗೆಯಲ್ಲೇ ಹಾಕಿಕೊಳ್ಳುವುದೂ ಅಪಾಯಕರವೇ. 2025ರ ಸೆಪ್ಟೆಂಬರಿನಲ್ಲಿ ಎನ್‌ಪಿಎಂನ ಚಾಕ್, ಡೀಬಗ್ ಮುಂತಾದ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ಪ್ಯಾಕೇಜುಗಳ ನಿರ್ವಾಹಕರನ್ನು ನಕಲಿ ಇಮೇಲಿನಿಂದ ವಂಚಿಸಿ, ದುರುದ್ದೇಶದ ಆವೃತ್ತಿಗಳನ್ನು ಪ್ರಕಟಿಸಲಾಗಿತ್ತು. ಕೆಲವೇ ಗಂಟೆಗಳಲ್ಲಿ ಅವು ಪತ್ತೆಯಾಗಿ ತೆಗೆದುಹಾಕಲ್ಪಟ್ಟವು, ಆದರೆ ಆ ಗಂಟೆಗಳಲ್ಲಿ ಅಪ್‌ಡೇಟ್ ಮಾಡಿಕೊಂಡವರು ಸಿಕ್ಕಿಬಿದ್ದರು. ಡಿಪೆಂಡಬಾಟ್‌ನಲ್ಲಿ ಕೂಲ್‌ಡೌನ್ ಎಂಬ ಆಯ್ಕೆಯಿದೆ, ಅದೇ ಕೆಲಸದ ರೆನೊವೇಟ್ ಸಾಧನ ಬಳಸುವವರಿಗೆ ಮಿನಿಮಮ್ ರಿಲೀಸ್ ಏಜ್ ಎಂಬುದಿದೆ. ಒಂದು ವಾರ ಹಳತಾಗುವವರೆಗೆ ಹೊಸ ಆವೃತ್ತಿಯನ್ನು ಮುಟ್ಟಬೇಡ ಎಂದು ಹೇಳಿಬಿಡಿ. ಡಿಪೆಂಡಬಾಟ್‌ನ ಈ ಕಾಯುವಿಕೆ ಭದ್ರತಾ ಅಪ್‌ಡೇಟುಗಳಿಗೆ ಅನ್ವಯಿಸುವುದಿಲ್ಲ.

ಈಗ ಪರವಾನಗಿ. ಇಲ್ಲಿ ಸಾಧನಕ್ಕಿಂತ ಮೊದಲು ನೀವು ಉತ್ತರಿಸಬೇಕಾದ ಪ್ರಶ್ನೆ, ನಿಮ್ಮ ಕೋಡ್ ಯಾರ ಕೈ ಸೇರುತ್ತದೆ ಎಂಬುದು. ನಿಮ್ಮ ಸರ್ವರಿನಲ್ಲೇ ಓಡುವ ಜಾಂಗೊ ಭಾಗವನ್ನು ನೀವು ಯಾರಿಗೂ ಹಂಚುತ್ತಿಲ್ಲ, ಹಾಗಾಗಿ, ಹಂಚಿದವರು ಮೂಲಸಂಕೇತವನ್ನೂ (ಸೋರ್ಸ್ ಕೋಡ್) ಕೊಡಬೇಕೆಂಬ ಸಾಮಾನ್ಯ ಜಿಪಿಎಲ್ ಪರವಾನಗಿಯ ಷರತ್ತು ಅಲ್ಲಿ ಜಾಗೃತವಾಗುವುದಿಲ್ಲ. ಅದೇ ಭಾಗವನ್ನು ಮಿಲ್ಲಿನ ಕಂಪ್ಯೂಟರಿಗೆ ಹಾಕಿಕೊಟ್ಟಾಗ ಅದು ಹಂಚಿಕೆ. ಬ್ರೌಸರಿಗೆ ಇಳಿಯುವ ರಿಯಾಕ್ಟ್ ಕೋಡೂ ಹಂಚಿಕೆಯೇ, ಆಂಡ್ರಾಯ್ಡ್ ಆ್ಯಪ್ ಅಂತೂ ಹೌದೇ ಹೌದು. ಎಜಿಪಿಎಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾರ್ಪಡಿಸಿದ ತಂತ್ರಾಂಶವನ್ನು ನೆಟ್‌ವರ್ಕ್ ಮೂಲಕ ಬಳಸುವವರಿಗೂ ಮೂಲಸಂಕೇತದ ಹಕ್ಕು ಕೊಡುತ್ತದೆ. ನೀವು ಎರಡೂ ಬಗೆಯಲ್ಲಿ ಕೊಡುತ್ತಿರುವುದರಿಂದ, ಇಡೀ ಯೋಜನೆಯನ್ನು ಹಂಚಿಕೆಯಾಗುವುದೆಂದೇ ಭಾವಿಸಿ ಒಂದೇ ಕಟ್ಟುನಿಟ್ಟಾದ ನೀತಿ ಇಟ್ಟುಕೊಳ್ಳುವುದು ಲೇಸು.

ನಿಷೇಧಿತ ಪಟ್ಟಿಗಿಂತ ಅನುಮತಿಸಿದ ಪಟ್ಟಿ ಒಳ್ಳೆಯದು, ಏಕೆಂದರೆ ಗೊತ್ತಿಲ್ಲದ ಪರವಾನಗಿ ಬಂದಾಗ ಮೊದಲನೆಯದು ಸುಮ್ಮನೆ ಬಿಟ್ಟುಬಿಡುತ್ತದೆ, ಎರಡನೆಯದು ನಿಲ್ಲಿಸಿ ಕೇಳುತ್ತದೆ. ಎಂಐಟಿ, ಬಿಎಸ್‌ಡಿಯ ಎರಡು ಮತ್ತು ಮೂರು ಷರತ್ತಿನ ರೂಪಗಳು, ಐಎಸ್‌ಸಿ, ಅಪಾಚೆ 2.0, ಷರತ್ತು ಸಡಿಲವಾಗಿರುವ ಇವಿಷ್ಟರಿಂದ ಪ್ರಾರಂಭಿಸಿ. ಮೊದಲ ದಿನವೇ ಕೆಲವು ನಿರಪರಾಧಿಗಳು ಸಿಕ್ಕಿಬೀಳುತ್ತವೆ. ರಿಯಾಕ್ಟ್ ಬಿಲ್ಡಿನೊಳಗೆ ಸಾಮಾನ್ಯವಾಗಿ ಇರುವ ಕ್ಯಾನ್‌ಐಯೂಸ್-ಲೈಟ್ ಎಂಬುದರ ಪರವಾನಗಿ ಕ್ರಿಯೇಟಿವ್ ಕಾಮನ್ಸ್ ಬಿವೈ 4.0, ಏಕೆಂದರೆ ಅದು ಕೋಡಿಗಿಂತ ಹೆಚ್ಚಾಗಿ ದತ್ತಾಂಶ. ಪೈಥಾನಿನ ಸರ್ಟಿಫೈ ಎಂಪಿಎಲ್ 2.0ದಲ್ಲಿದೆ, ಅದರ ಷರತ್ತು ಆ ಕಡತಗಳಿಗಷ್ಟೇ ತಾಗುತ್ತದೆ, ನಿಮ್ಮ ಸ್ವಂತ ಕೋಡಿಗಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೊತೆ ಮಾತಾಡುವ ಸೈಕೊಪಿಜಿ, ಜಿಪಿಎಲ್‌ಗಿಂತ ಸಡಿಲವಾದ ಎಲ್‌ಜಿಪಿಎಲ್‌ನಲ್ಲಿದೆ. ಅದನ್ನು ಪ್ರತ್ಯೇಕ ಪ್ಯಾಕೇಜಾಗಿ, ಬಳಕೆದಾರರು ಬದಲಿಸಿಕೊಳ್ಳಬಹುದಾದ ರೀತಿಯಲ್ಲಿ, ಪರವಾನಗಿಯ ಪ್ರತಿಯೊಂದಿಗೆ ಕೊಟ್ಟರೆ ತೊಂದರೆಯಿಲ್ಲ. ಇಂಥವನ್ನು ಪ್ಯಾಕೇಜಿನ ಹೆಸರು ಹಿಡಿದು ವಿನಾಯಿತಿಗೆ ಸೇರಿಸಿ. ಒಂದು ಪ್ಯಾಕೇಜಿಗಾಗಿ ಎಲ್‌ಜಿಪಿಎಲ್‌ ಅನ್ನೇ ಸಾರಾಸಗಟಾಗಿ ಅನುಮತಿಸಬೇಡಿ.

ನಿಜವಾದ ಅಪಾಯ ಬಹುಶಃ ನಿಮ್ಮ ಬಿಲ್ ಮುದ್ರಣದಲ್ಲಿದೆ. ಪಿಡಿಎಫ್‌ಗಾಗಿ ಪೈಥಾನಿನಲ್ಲಿ ಬಹಳ ಜನ ಕೈ ಹಾಕುವ ಪೈಮುಪಿಡಿಎಫ್, ಎಜಿಪಿಎಲ್ ಅಥವಾ ಹಣ ಕೊಟ್ಟು ಪಡೆಯುವ ವಾಣಿಜ್ಯ ಪರವಾನಗಿ, ಈ ಎರಡರಲ್ಲಿ ಒಂದರ ಅಡಿಯಲ್ಲಿ ಮಾತ್ರ ಸಿಗುತ್ತದೆ. ಅದನ್ನು ಸೇರಿಸಿ ಮಿಲ್ಲಿಗೆ ಹಾಕಿಕೊಟ್ಟ ತಂತ್ರಾಂಶದ ಮೂಲಸಂಕೇತವನ್ನು ಎಜಿಪಿಎಲ್‌ನಲ್ಲೇ ಕೊಡಲು ನೀವು ಸಿದ್ಧರಿಲ್ಲದಿದ್ದರೆ ಬೇರೆ ದಾರಿ ನೋಡಬೇಕು. ರಿಪೋರ್ಟ್‌ಲ್ಯಾಬ್ ಬಿಎಸ್‌ಡಿಯಲ್ಲಿದೆ, ಆದರೆ ಅದರ ಹಳೆಯ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಬರುತ್ತವೆ. ಕನ್ನಡ ಬಿಲ್ಲಿಗೆ ನಾನು ವೀಸಿಪ್ರಿಂಟ್ ಸೂಚಿಸುತ್ತೇನೆ. ಅದೂ ಬಿಎಸ್‌ಡಿ, ಮತ್ತು ಅಕ್ಷರ ಜೋಡಣೆಯನ್ನು ಪ್ಯಾಂಗೊ ಲೈಬ್ರರಿಗೆ ಒಪ್ಪಿಸುವುದರಿಂದ ಒತ್ತುಗಳು ಸರಿಯಾಗಿ ಕೂಡುತ್ತವೆ. ಗಮನಿಸಿ, ಆ ಪ್ಯಾಂಗೊ ಎಲ್‌ಜಿಪಿಎಲ್‌ನಲ್ಲಿದೆ ಮತ್ತು ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್ಮಿನ ಪ್ಯಾಕೇಜಾಗಿ ಬರುತ್ತದೆ, ಪೈಥಾನ್ ಪಟ್ಟಿಯನ್ನಷ್ಟೇ ಓದುವ ತಪಾಸಣೆಯ ಕಣ್ಣಿಗೆ ಅದು ಬೀಳುವುದೇ ಇಲ್ಲ.

ದತ್ತಾಂಶವನ್ನು ಮೆಮೊರಿಯಲ್ಲಿಟ್ಟು ಬೇಗ ಕೊಡುವ ರೆಡಿಸ್ ಸರ್ವರಿನ ವಿಷಯದಲ್ಲೂ ಇದೇ ಆಯಿತು. 2024ರ ಮಾರ್ಚಿನಲ್ಲಿ ಅದು ಮುಂದಿನ ಆವೃತ್ತಿಗಳಿಗೆ ಬಿಎಸ್‌ಡಿ ಬಿಟ್ಟು ಹೆಚ್ಚು ನಿರ್ಬಂಧದ ಪರವಾನಗಿಗಳಿಗೆ ಹೋಯಿತು, 2025ರಲ್ಲಿ ಎಜಿಪಿಎಲ್ ಆಯ್ಕೆಯನ್ನೂ ಸೇರಿಸಿತು. ಅದರ ಪೈಥಾನ್ ಕ್ಲೈಂಟ್ ಮಾತ್ರ ಎಂಐಟಿಯಲ್ಲೇ ಉಳಿದಿದ್ದರಿಂದ, ರಿಕ್ವೈರ್‌ಮೆಂಟ್ಸ್ ಕಡತ ನೋಡಿದವರಿಗೆ ಏನೂ ಬದಲಾದಂತೆ ಕಾಣಲಿಲ್ಲ. ಜಾಂಗೊ ಕ್ಯಾಶ್‌ಗಾಗಿ ರೆಡಿಸ್ ಸರ್ವರನ್ನೂ ನೀವು ಮಿಲ್ಲಿಗೆ ಹಾಕಿಕೊಡುತ್ತಿದ್ದರೆ, ಯಾವ ಆವೃತ್ತಿ ಎಂದು ನೋಡಿ. ಹಳೆಯ ಬಿಎಸ್‌ಡಿ ಆವೃತ್ತಿಯಿಂದ ಕವಲೊಡೆದ ವಾಲ್ಕೀ ಒಂದು ಪರ್ಯಾಯ.

ಸಾಧನಗಳು: ಪೈಥಾನಿಗೆ ಪಿಪ್-ಲೈಸೆನ್ಸಸ್, ಎನ್‌ಪಿಎಂಗೆ ಲೈಸೆನ್ಸ್-ಚೆಕರ್, ಎರಡರಲ್ಲೂ ಅನುಮತಿಸಿದ್ದನ್ನು ಬಿಟ್ಟು ಬೇರೆ ಕಂಡರೆ ವಿಫಲವಾಗುವ ಆಯ್ಕೆ ಇದೆ. ಒಎಸ್‌ವಿ-ಸ್ಕ್ಯಾನರಿಗೂ ಪರವಾನಗಿಗಳ ಪಟ್ಟಿ ಕೊಡಬಹುದು. ಇವೆಲ್ಲ ಓದುವುದು ಲೇಖಕರು ಬರೆದ ಘೋಷಣೆಯನ್ನು. ಪೈಥಾನಿನಲ್ಲಿ ಅದು ಬಹುಕಾಲ ಮನಸ್ಸಿಗೆ ಬಂದಂತೆ ಬರೆಯುವ ಜಾಗವಾಗಿತ್ತು, ಹಾಗಾಗಿ ಒಂದೇ ಪರವಾನಗಿ ನಾಲ್ಕು ಬಗೆಯಲ್ಲಿ ಬರೆದಿರುವುದು ಕಾಣುತ್ತದೆ. ಅವುಗಳನ್ನು ಎಸ್‌ಪಿಡಿಎಕ್ಸ್ ಎಂಬ ಪ್ರಮಾಣಿತ ಪರವಾನಗಿ ಗುರುತುಗಳಿಗೆ ಹೊಂದಿಸುವ ಕೆಲಸ ಒಮ್ಮೆ ಕೈಯಿಂದ ಮಾಡಬೇಕು. ಎರಡು ಪರವಾನಗಿಗಳ ನಡುವೆ ‘ಆರ್’ ಇದ್ದರೆ ನಿಮಗೆ ಬೇಕಾದುದನ್ನು ಆರಿಸಿಕೊಳ್ಳಬಹುದು, ‘ಆ್ಯಂಡ್’ ಇದ್ದರೆ ಎರಡನ್ನೂ ಪಾಲಿಸಬೇಕು. ಬರೀ ಪದ ಹುಡುಕುವ ತಪಾಸಣೆ ಈ ಭೇದವನ್ನು ಅರಿಯದು. ಎನ್‌ಪಿಎಂನಲ್ಲಿ ‘ಅನ್‌ಲೈಸೆನ್ಸ್’ ಎಂದಿದ್ದರೆ ಯಾರು ಬೇಕಾದರೂ ಬಳಸಬಹುದು, ಕೊನೆಗೊಂದು ‘ಡ್’ ಸೇರಿ ‘ಅನ್‌ಲೈಸೆನ್ಸ್‌ಡ್’ ಎಂದಾದರೆ ಯಾರಿಗೂ ಹಕ್ಕು ಕೊಟ್ಟಿಲ್ಲ ಎಂದರ್ಥ. ಏನೂ ಬರೆದಿಲ್ಲದಿದ್ದರೂ ಹಾಗೆಯೇ: 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯೆಂದು ಪರಿಗಣಿತವಾಗುವುದರಿಂದ, ಅನುಮತಿ ಇಲ್ಲವೆಂದರೆ ಹಕ್ಕು ಇಲ್ಲ.

ಯಾವ ಪ್ಯಾಕೇಜ್ ಮ್ಯಾನೇಜರಿನ ಲೆಕ್ಕಕ್ಕೂ ಬಾರದ ಇನ್ನೊಂದು ವಸ್ತು ಫಾಂಟ್. ಅಸೆಟ್ಸ್ ಫೋಲ್ಡರಿಗೆ ಯಾರೋ ನಕಲು ಮಾಡಿ ಹಾಕಿದ ಕನ್ನಡ ಫಾಂಟಿನ ಮೂಲ ಹುಡುಕಿ. ನೋಟೊ ಸಾನ್ಸ್ ಕನ್ನಡ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸಿನಲ್ಲಿದೆ, ತಂತ್ರಾಂಶದೊಳಗೆ ಸೇರಿಸಿ ಮಾರಬಹುದು, ಫಾಂಟನ್ನು ಮಾತ್ರ ಬಿಡಿಯಾಗಿ ಮಾರುವಂತಿಲ್ಲ, ಪರವಾನಗಿಯ ಪಠ್ಯವನ್ನು ಜೊತೆಗಿಡಬೇಕು. ಎಲ್ಲಿಂದ ಬಂತೆಂದು ಯಾರಿಗೂ ನೆನಪಿಲ್ಲದ ಫಾಂಟ್ ಇದ್ದರೆ ಅದನ್ನು ತೆಗೆದು ಇದನ್ನು ಹಾಕಿ, ಚರ್ಚೆ ಬೇಡ.

ನಿಮ್ಮ ಗ್ರಾಹಕರು ಕೇಳಿರುವ ಎಸ್‌ಬಿಒಎಂ ಇಷ್ಟಾದ ಮೇಲೆ ಸುಲಭ. ಸಿಫ್ಟ್ ಅಥವಾ ಟ್ರಿವಿ ಬಳಸಿ, ಮೂಲಸಂಕೇತದ ಫೋಲ್ಡರಿನಿಂದಲ್ಲ, ಗ್ರಾಹಕರಿಗೆ ಕೊಡುವ ಅಂತಿಮ ಕಂಟೇನರ್ ಇಮೇಜಿನಿಂದ (ತಂತ್ರಾಂಶವನ್ನು ಅದಕ್ಕೆ ಬೇಕಾದುದೆಲ್ಲದರ ಜೊತೆ ಕಟ್ಟಿದ ಪೊಟ್ಟಣದಿಂದ) ಪಟ್ಟಿ ತೆಗೆಯಿರಿ. ಪ್ಯಾಂಗೊ, ರೆಡಿಸ್‌ನಂಥವು ಆಗಲೇ ಕಾಣುವುದು. ಕಂಟೇನರ್ ಬಳಸದಿದ್ದರೆ, ಎಲ್ಲವನ್ನೂ ಹಾಕಿ ಮುಗಿಸಿದ ಡೈರೆಕ್ಟರಿಯ ಮೇಲೆ ಅದೇ ಸಾಧನವನ್ನು ಓಡಿಸಿ. ರೂಪ ಸೈಕ್ಲೋನ್‌ಡಿಎಕ್ಸ್ ಇರಲಿ ಅಥವಾ ಎಸ್‌ಪಿಡಿಎಕ್ಸ್ ಇರಲಿ, ಎರಡೂ ಒಪ್ಪಿತವೇ. ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರಿನಲ್ಲಿ ಎಸ್‌ಬಿಒಎಂ ಕುರಿತ ತಾಂತ್ರಿಕ ಮಾರ್ಗಸೂಚಿ ಹೊರಡಿಸಿ 2025ರ ಜುಲೈನಲ್ಲಿ ಅದನ್ನು ವಿಸ್ತರಿಸಿದೆ. ಸರ್ಕಾರಿ ಸಂಸ್ಥೆಗಳಿಂದ ಪ್ರಾರಂಭವಾದ ಈ ಬೇಡಿಕೆ ಖಾಸಗಿ ಖರೀದಿದಾರರ ಒಪ್ಪಂದಗಳಿಗೂ ಇಳಿದು ಬರುತ್ತಿರುವುದರಿಂದ, ನಿಮ್ಮ ಗ್ರಾಹಕರು ಕೊನೆಯವರಾಗಿರುವುದಿಲ್ಲ. ಪ್ರತಿ ಬಿಡುಗಡೆಗೂ ಆ ಪಟ್ಟಿ ತಾನಾಗಿ ತಯಾರಾಗಿ, ಬಿಡುಗಡೆಯ ಕಡತಗಳ ಜೊತೆಯಲ್ಲೇ ಉಳಿಯಲಿ. ಯಾವ ಮಿಲ್ಲಿನಲ್ಲಿ ಯಾವ ಬಿಡುಗಡೆ ಓಡುತ್ತಿದೆ ಎಂಬ ದಾಖಲೆಯೂ ಇದ್ದರೆ, ನಾಳೆ ಯಾವುದಾದರೂ ಲೈಬ್ರರಿಯಲ್ಲಿ ದೋಷ ಕಂಡಾಗ ಮೊದಲು ಯಾವ ಮಿಲ್ಲಿಗೆ ಫೋನು ಮಾಡಬೇಕೆಂದು ಗೊತ್ತಾಗುತ್ತದೆ.

ಕೊನೆಯದಾಗಿ, ಈ ತಪಾಸಣೆಗಳನ್ನು ಓಡಿಸುವ ಗಿಟ್‌ಹಬ್ ಆಕ್ಷನ್‌ಗಳೂ ಡಿಪೆಂಡೆನ್ಸಿಗಳೇ. 2025ರ ಮಾರ್ಚಿನಲ್ಲಿ ಟಿಜೆ-ಆಕ್ಷನ್ಸ್‌ನ ಚೇಂಜ್ಡ್-ಫೈಲ್ಸ್ ಎಂಬ ಜನಪ್ರಿಯ ಆಕ್ಷನ್ನಿನ ಹಳೆಯ ಆವೃತ್ತಿ ಟ್ಯಾಗುಗಳನ್ನೇ ದುರುದ್ದೇಶದ ಕೋಡಿನ ಕಡೆಗೆ ತಿರುಗಿಸಿ, ಬಿಲ್ಡ್ ಲಾಗುಗಳಲ್ಲಿ ಸೀಕ್ರೆಟ್‌ಗಳು ಅಚ್ಚಾಗುವಂತೆ ಮಾಡಲಾಗಿತ್ತು. ಟ್ಯಾಗ್ ಹೆಸರಿನ ಬದಲು, ಕೋಡಿನ ಒಂದೇ ನಿರ್ದಿಷ್ಟ ಸ್ಥಿತಿಯನ್ನು ಗುರುತಿಸುವ ಪೂರ್ಣ ಕಮಿಟ್ ಹ್ಯಾಶ್ ಬರೆದಿದ್ದವರ ಬಿಲ್ಡುಗಳಿಗೆ ಆ ಬದಲಾದ ಕೋಡ್ ತಲುಪಲಿಲ್ಲ. ನೀವೂ ಹ್ಯಾಶ್ ಬರೆಯಿರಿ, ಡಿಪೆಂಡಬಾಟ್ ಕಾನ್ಫಿಗರೇಶನ್ನಿನಲ್ಲಿ ಗಿಟ್‌ಹಬ್ ಆಕ್ಷನ್ಸ್‌ಗೆ ನಾಲ್ಕನೆಯ ನಮೂದೊಂದನ್ನು ಸೇರಿಸಿ, ಆ ಹ್ಯಾಶ್‌ಗಳ ನವೀಕರಣವನ್ನೂ ಅದಕ್ಕೇ ಒಪ್ಪಿಸಿ. ಪ್ರತಿ ವರ್ಕ್‌ಫ್ಲೋದ ಮೇಲ್ಭಾಗದಲ್ಲಿ ಟೋಕನ್ನಿನ ಅಧಿಕಾರವನ್ನು ಓದುವುದಕ್ಕೆ ಮಾತ್ರ ಸೀಮಿತಗೊಳಿಸಿ, ರಾತ್ರಿಯ ತಪಾಸಣೆಗೆ ಇಶ್ಯೂ ತೆರೆಯುವ ಅಧಿಕಾರವನ್ನಷ್ಟೇ ಹೆಚ್ಚಾಗಿ ಕೊಡಿ.